ಲೈಟ್‌ಬಾಕ್ಸಿನ ಮುಂದೆ ಕುಳಿತ ಹೈದರಾಬಾದು

ತೊಂಬತ್ತರ ದಶಕದ ಕೊನೆಯಲ್ಲಿ ಕಾರ್ಟೂನು ಕಲಿಯಬೇಕೆಂದು ಹೈದರಾಬಾದಿಗೆ ಬಂದವರ ಪಾಠ ಬಹುಮಟ್ಟಿಗೆ ಕಂಪ್ಯೂಟರಿನಿಂದ ಶುರುವಾಗುತ್ತಿರಲಿಲ್ಲ. ಲೈಟ್‌ಬಾಕ್ಸಿನಿಂದ ಶುರುವಾಗುತ್ತಿತ್ತು. ಅಡಿಯಲ್ಲಿ ಟ್ಯೂಬ್‌ಲೈಟ್ ಉರಿಯುವ, ಮೇಲೆ ಮಬ್ಬುಗಾಜು ಕೂರಿಸಿದ ಓರೆ ಮೇಜು ಅದು. ಗಾಜಿನ ಅಂಚಿನಲ್ಲಿ ಒಂದು ಪಟ್ಟಿ, ಪಟ್ಟಿಯ ಮೇಲೆ ಮೂರು ಗೂಟ. ನಡುವಿನದು ದುಂಡಗೆ, ಅಕ್ಕಪಕ್ಕದವು ಚಪ್ಪಟೆ. ಆ ಗೂಟಗಳಿಗೆ ಹೊಂದುವಂತೆ ತೂತು ಹೊಡೆದ ಹಾಳೆಗಳನ್ನು ಒಂದರ ಮೇಲೊಂದು ಸಿಕ್ಕಿಸಿದರೆ ಕೂದಲೆಳೆಯಷ್ಟೂ ಕದಲುವುದಿಲ್ಲ. ಒಂದು ಹಾಳೆಯಲ್ಲಿ ಹಿರಿಯ ಕಲಾವಿದರು ಬರೆದ ಒಂದು ಭಂಗಿ, ಇನ್ನೊಂದರಲ್ಲಿ ಮತ್ತೊಂದು. ಇವೆರಡರ ನಡುವೆ ಕೈ ಎಲ್ಲೆಲ್ಲಿ ಹಾದುಹೋಗಬೇಕು, ತಲೆ ಎಷ್ಟೆಷ್ಟು ಬಾಗಬೇಕು ಎಂದು ಲೆಕ್ಕ ಹಾಕಿ ನಡುವಿನ ಚಿತ್ರಗಳನ್ನು ತುಂಬುವುದು ಹೊಸಬರ ಪಾಲಿನ ಕೆಲಸ. ಸ್ಟುಡಿಯೋದ ಮಾತಿನಲ್ಲಿ ಅದು ಇನ್‌ಬಿಟ್ವೀನ್. ಒಂದು ಸೆಕೆಂಡಿಗೆ 24 ಫ್ರೇಮು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮು ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕೇ ಬೇಕು.

ಹೀಗೆ ದಿನವಿಡೀ ಬರೆಯುತ್ತಿದ್ದ ಪಾತ್ರಗಳು ಅವರವಾಗಿರಲಿಲ್ಲ. ಅವು ಅಮೆರಿಕದಿಂದಲೋ ಯುರೋಪಿನಿಂದಲೋ ಮಾಡೆಲ್ ಶೀಟ್ ಆಗಿ ಬರುತ್ತಿದ್ದವು. ಮಾಡೆಲ್ ಶೀಟ್ ಎಂದರೆ ಒಂದು ಪಾತ್ರದ ಪೂರ್ತಿ ಜಾತಕ. ಮುಂದಿನಿಂದ, ಮುಕ್ಕಾಲು ಓರೆಯಿಂದ, ಪಕ್ಕದಿಂದ, ಹಿಂದಿನಿಂದ ಆ ಪಾತ್ರ ಹೇಗೆ ಕಾಣುತ್ತದೆ, ತಲೆಯ ಅಳತೆಯಲ್ಲಿ ಮೈ ಎಷ್ಟು ಎತ್ತರ, ನಕ್ಕರೆ ಕೆನ್ನೆ ಎಲ್ಲಿಗೆ ಏರುತ್ತದೆ, ಸಿಟ್ಟಾದರೆ ಹುಬ್ಬು ಎಲ್ಲಿಗೆ ಇಳಿಯುತ್ತದೆ, ಎಲ್ಲವೂ ಅದರಲ್ಲಿ ಗೊತ್ತಾಗಿರುತ್ತಿತ್ತು. ನೂರು ಜನ ಬರೆದರೂ ಒಬ್ಬರೇ ಬರೆದಂತೆ ಕಾಣಬೇಕು ಎಂಬುದು ಅದರ ಉದ್ದೇಶ. ಹೈದರಾಬಾದಿನ ಮೊದಲ ಪೀಳಿಗೆಯ ವಿದ್ಯಾರ್ಥಿಗಳು ಈ ಶಿಸ್ತನ್ನು ಚೆನ್ನಾಗಿ ಕಲಿತರು. ಪಾತ್ರವನ್ನು ಹೇಗೆ ನಡೆಸಬೇಕು ಎಂಬುದು ಅವರಿಗೆ ಮೊದಲು ಬಂತು. ಆ ಪಾತ್ರ ಯಾರಾಗಿರಬೇಕು ಎಂದು ತಾವೇ ತೀರ್ಮಾನಿಸುವ ಅವಕಾಶ ಬಹಳ ತಡವಾಗಿ ಬಂತು. ಈ ಊರಿನ ಆ್ಯನಿಮೇಷನ್ ಕಲಿಕೆಯ ಚರಿತ್ರೆಯೆಲ್ಲ ಈ ಹಿಂದುಮುಂದಿನಲ್ಲೇ ಇದೆ.

ಕಲಿಕೆಯ ದಾರಿ ಇಲ್ಲಿಗೆ ಬಂದದ್ದು ಬಳಸಿಕೊಂಡು. ಅಮೆರಿಕದಲ್ಲಿ ವಾಲ್ಟ್ ಡಿಸ್ನಿ ತನ್ನ ಕಲಾವಿದರಿಗೆ ರೇಖಾಭ್ಯಾಸ ಸಾಲದೆಂದು ಕಂಡು, 1932ರಲ್ಲಿ ಷೂನಾರ್ಡ್ ಕಲಾಶಾಲೆಯ ಡಾನ್ ಗ್ರಹಾಂ ಅವರಿಂದ ಸ್ಟುಡಿಯೋದಲ್ಲೇ ಸಂಜೆ ತರಗತಿ ಆರಂಭಿಸಿದ. ನಿಂತ ಮನುಷ್ಯನನ್ನಷ್ಟೇ ಅಲ್ಲ, ನಡೆಯುವ, ಏಳುವ, ಬೀಳುವ ಮನುಷ್ಯನನ್ನು ಬರೆಯುವ ಅಭ್ಯಾಸ ಅಲ್ಲಿ ನಡೆಯಿತು. ಆ ಸ್ಟುಡಿಯೋದಲ್ಲಿ ‘ಬ್ಯಾಂಬಿ’ಗೆ ಕೆಲಸ ಮಾಡಿದ್ದ, ಭಾರತದಲ್ಲೇ ಹುಟ್ಟಿದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬೈಯ ಫಿಲಂಸ್ ಡಿವಿಷನ್ನಿಗೆ ಬಂದು ನಮ್ಮವರಿಗೆ ತರಬೇತಿ ಕೊಟ್ಟರು. ಮರುವರ್ಷವೇ ಜಾತಕ ಕಥೆಯೊಂದನ್ನು ಆಧರಿಸಿದ ‘ದಿ ಬನಿಯನ್ ಡೀರ್’ ಹೊರಬಂತು. ಅಲ್ಲಿ ಕಲಿತವರಲ್ಲಿ ರಾಮ್ ಮೋಹನ್ ಒಬ್ಬರು. ಮುಂದೆ ದೇಶದ ಆ್ಯನಿಮೇಷನ್ನಿಗೆ ಹಿರಿಯಣ್ಣನಂತೆ ನಿಂತವರು ಅವರೇ. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಆ್ಯನಿಮೇಷನ್ ಪಾಠ ಬೆಳೆಯಿತು. ಎಂಬತ್ತರ ದಶಕದವರೆಗೂ ಈ ವಿದ್ಯೆ ಮುಂಬೈ ಮತ್ತು ಅಹಮದಾಬಾದಿನ ಸ್ವತ್ತು. ದಖನ್ನಿನಲ್ಲಿ ಅದನ್ನು ಹೇಳಿಕೊಡುವವರು ಹೆಚ್ಚಿರಲಿಲ್ಲ.

1998ರಲ್ಲಿ ಹೈದರಾಬಾದಿನ ಮಾದಾಪುರದಲ್ಲಿ ಸೈಬರ್ ಟವರ್ಸ್ ತೆರೆಯಿತು, ಹೈಟೆಕ್ ಸಿಟಿ ಹುಟ್ಟಿತು. ಸಾಫ್ಟ್‌ವೇರಿನ ಹೊರಗುತ್ತಿಗೆ ಬಂದ ದಾರಿಯಲ್ಲೇ ಕಾರ್ಟೂನಿನ ಹೊರಗುತ್ತಿಗೆಯೂ ಬಂತು. ಆಗ ಕೇಳಿಬರುತ್ತಿದ್ದ ಹೆಸರುಗಳು ಹಾರ್ಟ್, ಕಲರ್ ಚಿಪ್ಸ್, ಸ್ವಲ್ಪ ಮುಂದಕ್ಕೆ ಡಿಕ್ಯೂ ಎಂಟರ್‌ಟೈನ್‌ಮೆಂಟ್. ಸ್ಟುಡಿಯೋಗಳಿಗೆ ಏಕಕಾಲಕ್ಕೆ ನೂರಾರು ಕೈಗಳು ಬೇಕಿದ್ದವು, ಅಷ್ಟು ಜನ ಸಿದ್ಧರಿರಲಿಲ್ಲ. ಹಾಗಾಗಿ ಸ್ಟುಡಿಯೋದವರೇ ಶಾಲೆ ತೆರೆದರು, ಶಾಲೆಯವರು ಸ್ಟುಡಿಯೋ ತೆರೆದರು. ಜಾವಾ, ಒರಾಕಲ್ ಹೇಳಿಕೊಡುವ ಬೋರ್ಡುಗಳಿಂದ ಆಗಲೇ ತುಂಬಿದ್ದ ಅಮೀರ್‌ಪೇಟೆಯಲ್ಲಿ, ಮೈತ್ರಿವನಂ ಸುತ್ತಮುತ್ತಲ ಮಹಡಿಗಳಲ್ಲಿ, ಮಲ್ಟಿಮೀಡಿಯಾ ತರಗತಿಗಳೂ ಜಾಗ ಹಿಡಿದವು.

ಬೀದರ್, ಕಲಬುರಗಿ, ರಾಯಚೂರು, ಯಾದಗಿರಿಯ ಹುಡುಗರಿಗೆ ಅಮೀರ್‌ಪೇಟೆ ದೂರದ ಊರಲ್ಲ. 1956ರ ನವೆಂಬರ್ ತನಕ ಇವೆಲ್ಲ ಒಂದೇ ಹೈದರಾಬಾದ್ ಸಂಸ್ಥಾನದ, ಆಮೇಲೆ ಒಂದೇ ಹೈದರಾಬಾದ್ ರಾಜ್ಯದ ನೆಲ. ಗಡಿ ಬದಲಾದರೂ ಬಸ್ಸು, ರೈಲು, ನೆಂಟಸ್ತಿಕೆ ಬದಲಾಗಲಿಲ್ಲ. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗನ ಹೆಸರಿನ ಕನ್ನಡ ಶಾಲೆಯಿದೆ. ಬೆಂಗಳೂರಿಗೆ ರಾತ್ರಿಯಿಡೀ ಪ್ರಯಾಣ ಮಾಡುವ ಬದಲು ಬೆಳಗ್ಗೆ ಹೊರಟು ಮಧ್ಯಾಹ್ನದೊಳಗೆ ತಲುಪುವ ಊರು ಹೈದರಾಬಾದು ಎಂಬುದು ಬೀದರಿನ ಮನೆಗಳಲ್ಲಿ ಇಂದಿಗೂ ನಡೆಯುವ ಲೆಕ್ಕ. ಚಿತ್ರ ಬರೆಯುವ ಮಗನನ್ನೋ ಮಗಳನ್ನೋ ಎಲ್ಲಿ ಸೇರಿಸಬೇಕು ಎಂಬ ಪ್ರಶ್ನೆಗೂ ಈ ಭಾಗದಲ್ಲಿ ಮೊದಲು ನೆನಪಾಗುವ ದೊಡ್ಡ ಊರು ಅದೇ.

ಅವರು ಕಲಿತದ್ದೇನು? ಮೊದಲ ಪಾಠ ಚೆಂಡು. ಪುಟಿಯುವ ಒಂದು ಚೆಂಡನ್ನು ಬರೆಯಿರಿ ಎಂದರೆ ಹೊಸಬರು ಸಮ ಅಂತರದಲ್ಲಿ ಹತ್ತು ಸುತ್ತು ಬರೆದಿಡುತ್ತಾರೆ. ಹಾಳೆಗಳನ್ನು ಬೆರಳ ಸಂದಿಯಲ್ಲಿ ಹಿಡಿದು ಸರಸರ ತಿರುವಿದರೆ ಚೆಂಡು ಪುಟಿಯುವುದಿಲ್ಲ, ದಾರಕ್ಕೆ ಕಟ್ಟಿ ಎಳೆದ ಹಾಗೆ ತೇಲುತ್ತದೆ. ಏಕೆಂದರೆ ನಿಜವಾದ ಚೆಂಡು ಮೇಲಕ್ಕೆ ಹೋದಂತೆ ನಿಧಾನವಾಗುತ್ತದೆ, ಕೆಳಗಿಳಿದಂತೆ ವೇಗ ಪಡೆಯುತ್ತದೆ. ಹಾಗಾಗಿ ತುದಿಯಲ್ಲಿ ಚಿತ್ರಗಳು ಒತ್ತೊತ್ತಾಗಿ, ನೆಲದ ಬಳಿ ದೂರದೂರ ಇರಬೇಕು. ನೆಲ ಮುಟ್ಟುವ ಮುಂಚೆ ಚೆಂಡು ಕೊಂಚ ಉದ್ದವಾಗಬೇಕು, ಮುಟ್ಟಿದಾಗ ಚಪ್ಪಟೆಯಾಗಬೇಕು, ಆದರೆ ಅದರ ಗಾತ್ರ ಹೆಚ್ಚುಕಡಿಮೆಯಾಗಕೂಡದು. ಪ್ರತಿ ಪುಟಿತವೂ ಹಿಂದಿನದಕ್ಕಿಂತ ಗಿಡ್ಡ. ಇದೇ ಸುತ್ತನ್ನು ಕ್ರಿಕೆಟ್ ಚೆಂಡಾಗಿ, ಬಲೂನಾಗಿ, ಕಬ್ಬಿಣದ ಗುಂಡಾಗಿ ಮತ್ತೆ ಬರೆಯಬೇಕು. ಬರೆಯುವ ಆಕಾರ ಒಂದೇ ವೃತ್ತ; ನೋಡುವವರಿಗೆ ತೂಕ ಗೊತ್ತಾಗಬೇಕಾದದ್ದು ಚಿತ್ರಗಳ ನಡುವಿನ ಅಂತರದಿಂದ ಮಾತ್ರ.

ಚೆಂಡಾದ ಮೇಲೆ ಅರ್ಧ ತುಂಬಿದ ಹಿಟ್ಟಿನ ಚೀಲ. ಡಿಸ್ನಿ ಸ್ಟುಡಿಯೋದಿಂದ ಬಂದ ಈ ಅಭ್ಯಾಸ ಜಗತ್ತಿನ ಹಲವು ಆ್ಯನಿಮೇಷನ್ ಶಾಲೆಗಳಲ್ಲಿ ಇದೆ. ಕಣ್ಣಿಲ್ಲ, ಬಾಯಿಲ್ಲ, ನಾಲ್ಕು ಮೂಲೆಗಳಷ್ಟೇ ಇರುವ ಆ ಚೀಲ ದುಃಖಪಡಬೇಕು, ಬೀಗಬೇಕು, ಹೆದರಬೇಕು. ಅದಾದ ಮೇಲೆ ನಡಿಗೆ. ಹಿಮ್ಮಡಿ ನೆಲಕ್ಕೆ ತಾಗುವ ಭಂಗಿ, ಮೈಭಾರ ಕೆಳಗಿಳಿಯುವ ಭಂಗಿ, ಒಂದು ಕಾಲು ಇನ್ನೊಂದನ್ನು ದಾಟುವ ಭಂಗಿ, ಮೈ ಮೇಲೇರುವ ಭಂಗಿ: ಈ ನಾಲ್ಕು ಸರಿಬಂದರೆ ಮನುಷ್ಯ ನಡೆಯುತ್ತಾನೆ. ಯಾವ ಮನುಷ್ಯ ಎಂಬುದು ಮುಂದಿನ ಮಾತು. ಫ್ರಾಂಕ್ ಥಾಮಸ್ ಮತ್ತು ಓಲಿ ಜಾನ್ಸ್‌ಟನ್ 1981ರಲ್ಲಿ ಬರೆದ ‘ದಿ ಇಲ್ಯೂಷನ್ ಆಫ್ ಲೈಫ್’ ಪುಸ್ತಕದ 12 ಸೂತ್ರಗಳನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರೆ. ಆ ಹನ್ನೆರಡರಲ್ಲಿ ಹೆಚ್ಚಿನವು ಚಲನೆಗೆ ಸಂಬಂಧಿಸಿದವು. ಪಾತ್ರ ನೋಡುವವರನ್ನು ಹಿಡಿದಿಡುವಂತಿರಬೇಕು ಎಂಬುದು ಕೊನೆಯ ಸೂತ್ರ. ಹೊರಗುತ್ತಿಗೆಯ ಕಾಲದ ಶಾಲೆಗಳಲ್ಲೂ ಅದು ಕೊನೆಗೇ ಉಳಿಯಿತು. ಕೋರ್ಸ್ ಮುಗಿದ ಕೂಡಲೇ ಇನ್‌ಬಿಟ್ವೀನ್ ಕೆಲಸ ಕಾದಿರುವಾಗ ಪಾತ್ರವಿನ್ಯಾಸಕ್ಕೆ ತಿಂಗಳುಗಟ್ಟಲೆ ಕೊಡಲು ಯಾವ ಶಾಲೆಗೂ ಪುರುಸೊತ್ತಿರಲಿಲ್ಲ. ಅದರಿಂದ ಊಟ ಸಿಕ್ಕಿತು, ನಿಜ. ಆದರೆ ಒಂದು ಪೀಳಿಗೆಯ ಒಳ್ಳೆಯ ಕೈಗಳು ಇನ್ನೊಬ್ಬರ ಮುಖಗಳನ್ನು ಬರೆಯುತ್ತಲೇ ಪಳಗಿದವು ಎಂಬುದೂ ಅಷ್ಟೇ ನಿಜ.

ಪಾತ್ರವಿನ್ಯಾಸ ಕಲಿಯಲು ಆ ಊರಿನಲ್ಲಿ ಸಾಮಗ್ರಿಗೆ ಬರವಿರಲಿಲ್ಲ. ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಹತ್ತೊಂಬತ್ತನೆಯ ಶತಮಾನದ ಒಂದು ಫ್ರೆಂಚ್ ಮರದ ಶಿಲ್ಪವಿದೆ. ಮುಂದಿನಿಂದ ನೋಡಿದರೆ ಮೆಫಿಸ್ಟೊಫಿಲಿಸ್: ತಲೆ ಎತ್ತಿ, ಗಲ್ಲ ಮುಂದೆ ಚಾಚಿ, ಎದೆ ಸೆಟೆಸಿ ನಿಂತ ಸೈತಾನ. ಹಿಂದೆ ಇಟ್ಟಿರುವ ಕನ್ನಡಿಯಲ್ಲಿ ನೋಡಿದರೆ ಅದೇ ದಿಮ್ಮಿಯ ಇನ್ನೊಂದು ಮಗ್ಗುಲಲ್ಲಿ ಮಾರ್ಗರೆಟಾ: ತಲೆ ತಗ್ಗಿಸಿ, ಪ್ರಾರ್ಥನೆಯ ಪುಸ್ತಕ ಹಿಡಿದು ನಿಂತ ಹುಡುಗಿ. ಇಬ್ಬರ ಎತ್ತರ ಒಂದೇ, ಮರ ಒಂದೇ. ಬೇರೆಯಾಗಿರುವುದು ಬೆನ್ನುಮೂಳೆಯ ಬಾಗು. ಪಾತ್ರವಿನ್ಯಾಸದ ಪುಸ್ತಕಗಳು ಹತ್ತಾರು ಪುಟಗಳಲ್ಲಿ ಹೇಳುವ ‘ಲೈನ್ ಆಫ್ ಆ್ಯಕ್ಷನ್’ ಪಾಠವನ್ನು ಈ ಶಿಲ್ಪದ ಮುಂದೆ ಸ್ಕೆಚ್‌ಬುಕ್ ಹಿಡಿದು ನಿಂತವರು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಮುಖವನ್ನೇ ಬರೆಯದೆ, ನೆರಳಿನಂತೆ ಬರೀ ಹೊರರೇಖೆ ತುಂಬಿದರೂ ಯಾರು ದುಷ್ಟ, ಯಾರು ಮುಗ್ಧೆ ಎಂದು ಗೊತ್ತಾಗುತ್ತದೆ.

ನಗರದಿಂದ ನೂರು ಕಿಲೋಮೀಟರಿನೊಳಗೆ ಚೇರಿಯಾಲ್ ಇದೆ. ಅಲ್ಲಿನ ನಕಾಶಿ ಮನೆತನಗಳು ಕತೆ ಹೇಳುವವರಿಗಾಗಿ ಉದ್ದುದ್ದ ಪಟಗಳನ್ನು ಬರೆದುಕೊಡುತ್ತಿದ್ದವು. ಖಾದಿ ಬಟ್ಟೆಗೆ ಗಂಜಿ, ಬಿಳಿಮಣ್ಣು, ಹುಣಸೆಬೀಜದ ಅಂಟು ಬಳಿದು, ಕೆಂಪು ಹಿನ್ನೆಲೆಯ ಮೇಲೆ ಅಂಕಣ ಅಂಕಣವಾಗಿ ಕತೆ ಬರೆಯುತ್ತಾರೆ. ದೇವರಿಗೆ ನೀಲಿ, ದೇವಿಗೆ ಹಳದಿ, ರಾಕ್ಷಸನಿಗೆ ಕಂದು ಅಥವಾ ಕಡು ಬಣ್ಣ. ರಾತ್ರಿ ಹೊತ್ತು ದೀಪದ ಬೆಳಕಿನಲ್ಲಿ, ಹಿಂದಿನ ಸಾಲಿನಲ್ಲಿ ಕೂತವರಿಗೂ ನಾಯಕ ಯಾರು ಎಂದು ಗುರುತು ಸಿಗಬೇಕು. ಒಂದೇ ಪಾತ್ರ ಇಪ್ಪತ್ತು ಅಂಕಣದಲ್ಲಿ ಬಂದರೂ ಅದೇ ಎಂದು ತಿಳಿಯಬೇಕು. ಮಾಡೆಲ್ ಶೀಟ್ ಬಿಡಿಸಲು ಹೊರಟ ಸಮಸ್ಯೆಯೂ ಇದೇ.

ನಮ್ಮ ಕಡೆ ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದ ಗೊಂಬೆಗಳ ಮೈಗೆ ಬಳಿಯುವ ‘ಕಿಟ್ಟ’ಕ್ಕೂ ಹುಣಸೆಬೀಜದ ಅಂಟನ್ನೇ ಕಲಸುತ್ತಾರೆ. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು ಎಂಬುದನ್ನು ನೆನೆದರೆ ಕೊಪ್ಪಳಕ್ಕೂ ಹೈದರಾಬಾದಿಗೂ ನಡುವಿನ ದೂರ ಇನ್ನಷ್ಟು ಕಡಿಮೆಯಾಗುತ್ತದೆ. ಹೈದರಾಬಾದಿನ ಸ್ಟುಡಿಯೋಗಳು ಈ ಪರಂಪರೆಗಳ ಮುಂದುವರಿಕೆ ಎಂದು ಹೇಳುವುದು ತಪ್ಪಾಗುತ್ತದೆ. ಸ್ಟುಡಿಯೋಗಳನ್ನು ತಂದದ್ದು ಡಾಲರ್ ಮತ್ತು ಇಂಟರ್ನೆಟ್ಟು. ನಕಾಶಿಗಳ ಅಂಗಳಕ್ಕೂ ಅಮೀರ್‌ಪೇಟೆಯ ಮಹಡಿಗೂ ನಡುವೆ ಯಾರೂ ಸೇತುವೆ ಕಟ್ಟಲಿಲ್ಲ, ಕಟ್ಟಬೇಕಿತ್ತು.

ತಿರುವು ಬಂದದ್ದು ಕಂಪ್ಯೂಟರ್ ಓದಿದವರೊಬ್ಬರಿಂದ. ರಾಜೀವ್ ಚಿಲಕ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕ್ಯಾನ್ಸಸ್ ಸಿಟಿ ಶಾಖೆಯಲ್ಲಿ ಕಂಪ್ಯೂಟರ್ ಸೈನ್ಸ್ ಸ್ನಾತಕೋತ್ತರ ಪದವಿ ಪಡೆದು, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಅಕಾಡೆಮಿ ಆಫ್ ಆರ್ಟ್‌ನಲ್ಲಿ ಆ್ಯನಿಮೇಷನ್ ಕಲಿತರು. 2001ರಲ್ಲಿ ಹೈದರಾಬಾದಿನಲ್ಲಿ ಗ್ರೀನ್ ಗೋಲ್ಡ್ ಆರಂಭಿಸಿದರು. 2004ರಲ್ಲಿ ವಿಕ್ರಮ್ ಬೇತಾಳ, ಆಮೇಲೆ ಕೃಷ್ಣನ ಕತೆಗಳು. 2008ರಲ್ಲಿ ಪೋಗೊ ವಾಹಿನಿಯಲ್ಲಿ ‘ಛೋಟಾ ಭೀಮ್’.

ಭೀಮನನ್ನು ವಿದ್ಯಾರ್ಥಿಯ ಕಣ್ಣಿನಿಂದ ನೋಡುವುದು ಲೇಸು. ಒಂಬತ್ತು ವರ್ಷದ ಹುಡುಗ, ಬರಿಮೈ, ಕಿತ್ತಳೆ ಬಣ್ಣದ ಧೋತಿ, ಅಗಲ ಎದೆ, ದೊಡ್ಡ ತಲೆ. ಬಟ್ಟೆಯ ನೆರಿಗೆ ಕಡಿಮೆ, ಗುಂಡಿಯಿಲ್ಲ, ಜೇಬಿಲ್ಲ. ಬರೆಯಬೇಕಾದ ಗೆರೆ ಕಡಿಮೆಯಾದಷ್ಟೂ ವಾರವಾರ ಸಂಚಿಕೆ ಕೊಡಬೇಕಾದ ಟೀವಿ ಧಾರಾವಾಹಿಗೆ ಅನುಕೂಲ. ಪಕ್ಕದಲ್ಲಿ ಗಜಗಾತ್ರದ ಕಾಲಿಯಾ, ಅಂಗೈಯಗಲದ ರಾಜು, ಕೆನ್ನೆ ಕೆಂಪಾದ ಚುಟ್ಕಿ, ಅವಳಿ ಢೋಲು ಭೋಲು, ಜಗ್ಗು ಕೋತಿ. ಎಲ್ಲರನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿ ಕಪ್ಪು ಬಳಿದರೂ ಯಾರು ಯಾರೆಂದು ಮೂರು ವರ್ಷದ ಮಗು ಹೇಳುತ್ತದೆ. ಪಂಡಿತರು ಈ ವಿನ್ಯಾಸವನ್ನು ಸರಳವೆಂದು ತಳ್ಳಿಹಾಕಿದ್ದಿದೆ. ಆದರೆ ಲಡ್ಡು ತಿಂದು ಬಲ ಬರುವ, ಢೋಲಕ್‌ಪುರದ ಬೀದಿಯಲ್ಲಿ ಆಡುವ ಒಬ್ಬ ಹುಡುಗನನ್ನು ದೇಶದ ಮಕ್ಕಳು ತಮ್ಮವನೆಂದು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಹೈದರಾಬಾದಿನ ಕೈಗಳು ಬರೆದ ಪಾತ್ರವೊಂದು ಆ ಊರಿನಲ್ಲೇ ಹುಟ್ಟಿ ಇಷ್ಟು ದೂರ ಹೋದದ್ದು ಅದೇ ಮೊದಲು.

ಅದೇ ಹೊತ್ತಿಗೆ ಲೈಟ್‌ಬಾಕ್ಸ್ ಮೂಲೆಗೆ ಸರಿಯಿತು. 1996ರಲ್ಲಿ ಹುಟ್ಟಿದ ಫ್ಲ್ಯಾಶ್ ತಂತ್ರಾಂಶ ಪಾತ್ರವನ್ನು ತುಂಡುತುಂಡಾಗಿ ಬಿಡಿಸಿಡಲು ಕಲಿಸಿತು: ತಲೆ ಒಂದು ತುಂಡು, ಮುಂಗೈ ಒಂದು, ತೊಡೆ ಒಂದು, ಬಾಯಿಯ ಎಂಟು ಹತ್ತು ಆಕಾರ. ಇವನ್ನು ಕೀಲಿನಲ್ಲಿ ಜೋಡಿಸಿ ಆಡಿಸಿದರೆ ಪ್ರತಿ ಚಿತ್ರವನ್ನೂ ಹೊಸದಾಗಿ ಬರೆಯಬೇಕಿಲ್ಲ. ಕೈಕಾಲಿಗೆ ಕೀಲು ಕಟ್ಟಿ ಪರದೆಯ ಹಿಂದೆ ಆಡಿಸುವ ತೊಗಲುಬೊಂಬೆಯ ತರ್ಕವೇ ಇದು. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ಕತ್ತರಿಸಿದ ಕಪ್ಪು ಆಕೃತಿಗಳಿಂದಲೇ ರಾಜಕುಮಾರ ಅಹ್ಮದನ ಕತೆಯ ಪೂರ್ಣ ಚಿತ್ರ ಮಾಡಿದ್ದರು. ಈ ಬದಲಾವಣೆಯಿಂದ ವಿದ್ಯಾರ್ಥಿಗೆ ಆದ ಲಾಭವೆಂದರೆ ಪಾತ್ರವಿನ್ಯಾಸ ಮುಂಚೂಣಿಗೆ ಬಂದದ್ದು. ತುಂಡು ಮಾಡುವ ಮುಂಚೆ ಭುಜ ಎಲ್ಲಿ ತಿರುಗಬೇಕು, ಕುತ್ತಿಗೆ ಎಷ್ಟು ಬಾಗಬೇಕು ಎಂದು ಯೋಚಿಸದಿದ್ದರೆ ಪಾತ್ರ ಮೊದಲ ಹೆಜ್ಜೆಯಲ್ಲೇ ಮುರಿದುಬೀಳುತ್ತದೆ.

2012ರಲ್ಲಿ ಇನ್ನೊಂದು ದೊಡ್ಡ ಪಾಠ ಬಂತು, ಅದೂ ಒಂದು ನೊಣದ ರೂಪದಲ್ಲಿ. ಎಸ್.ಎಸ್. ರಾಜಮೌಳಿಯವರ ‘ಈಗ’ದಲ್ಲಿ ನಾಯಕ ನೊಣ, ಖಳನಾಯಕ ನಮ್ಮ ಸುದೀಪ್. ನೊಣವನ್ನು ರೂಪಿಸಿದ ಹೈದರಾಬಾದಿನ ಮಕುಟ ಸಂಸ್ಥೆಗೆ ಆ ವರ್ಷದ ಚಿತ್ರಗಳಿಗೆ ಕೊಟ್ಟ 60ನೇ ರಾಷ್ಟ್ರಪ್ರಶಸ್ತಿಗಳಲ್ಲಿ ವಿಶೇಷ ಪರಿಣಾಮದ ಪ್ರಶಸ್ತಿ ಬಂತು. ನೊಣದ ತಲೆಯ ಬಹುಪಾಲು ಕಣ್ಣು, ಆ ಕಣ್ಣಿಗೆ ರೆಪ್ಪೆಯಿಲ್ಲ, ಹುಬ್ಬಿಲ್ಲ. ನಗುವ ಬಾಯಿಯೂ ಇಲ್ಲ. ಮನುಷ್ಯನ ಮುಖ ಅಂಟಿಸಿದ್ದರೆ ಸುಲಭವಾಗುತ್ತಿತ್ತು, ಆದರೆ ಅದು ನೊಣವಾಗಿ ಉಳಿಯುತ್ತಿರಲಿಲ್ಲ. ಹಾಗಾಗಿ ಸೇಡು, ಪ್ರೀತಿ, ಛಲ ಎಲ್ಲವನ್ನೂ ಮುಂಗಾಲುಗಳ ಆಟ, ತಲೆಯ ಓರೆ, ಹಾರಾಟದ ಗತ್ತಿನಿಂದಲೇ ಹೇಳಬೇಕಾಯಿತು. 1986ರಲ್ಲಿ ಪಿಕ್ಸಾರ್‌ನ ಜಾನ್ ಲ್ಯಾಸೆಟರ್ ಮಾಡಿದ ‘ಲಕ್ಸೋ ಜೂನಿಯರ್’ ಮೇಜುದೀಪಕ್ಕೂ ಮುಖವಿರಲಿಲ್ಲ. ಹಿಟ್ಟಿನ ಚೀಲದ ಅಭ್ಯಾಸ ಮಾಡಿದವರಿಗೆ ಈ ನೊಣ ಹೊಸದೆನಿಸಲಾರದು. ಎದುರಿಗೆ ಏನೂ ಇಲ್ಲದ ಗಾಳಿಯನ್ನು ನೋಡಿ ಸುದೀಪ್ ಹೆದರಿದರು, ಕೆರಳಿದರು. ಆ ನೋಟ ಬೀಳುವ ಕಡೆಗೆ ನೊಣವನ್ನು ಕೂರಿಸುವುದು ಕಲಾವಿದರ ಪಾಲಿಗೆ ಬಂತು. ನಟನ ಅಭಿನಯ ಮತ್ತು ಆ್ಯನಿಮೇಟರಿನ ಅಭಿನಯ ಹೀಗೆ ಎದುರುಬದುರಾದ ಇನ್ನೊಂದು ಉದಾಹರಣೆ ದಕ್ಷಿಣದಲ್ಲಿ ಅಪರೂಪ.

ಹೊರಗುತ್ತಿಗೆಯ ಅಪಾಯ ಕಣ್ಣಿಗೆ ಹೊಡೆದದ್ದು ಮರುವರ್ಷ. ಹೈದರಾಬಾದಿನಲ್ಲೂ ಸ್ಟುಡಿಯೋ ಇಟ್ಟಿದ್ದ ರಿದಂ ಆ್ಯಂಡ್ ಹ್ಯೂಸ್ ‘ಲೈಫ್ ಆಫ್ ಪೈ’ಯ ಹುಲಿಯನ್ನು ಸೃಷ್ಟಿಸಿತ್ತು. 2013ರ ಫೆಬ್ರವರಿಯಲ್ಲಿ ಆ ಸಂಸ್ಥೆ ದಿವಾಳಿ ಅರ್ಜಿ ಹಾಕಿತು; ಅದೇ ತಿಂಗಳು ಆ ಹುಲಿಗೆ ಆಸ್ಕರ್ ಬಂತು. ಲಾಸ್ ಏಂಜಲಿಸ್‌ನಲ್ಲಿ ಲೆಕ್ಕ ತಪ್ಪಿದರೆ ಮಾದಾಪುರದಲ್ಲಿ ಕೆಲಸ ಅಲುಗಾಡುತ್ತದೆ ಎಂಬುದು ತರಗತಿಯಲ್ಲಿ ಕೂತವರಿಗೂ ತಿಳಿಯಿತು. ಸ್ವಂತ ಪಾತ್ರ, ಸ್ವಂತ ಕತೆ ಎಂಬ ಮಾತು ಗಟ್ಟಿಯಾದದ್ದು ಆಮೇಲೆ.

ಸರ್ಕಾರಗಳೂ ಮುಂದೆ ಬಂದವು. ಈ ಕ್ಷೇತ್ರಕ್ಕೆಂದೇ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, 2012ರಲ್ಲಿ. ತೆಲಂಗಾಣದ ಇಮೇಜ್ ನೀತಿ ಬಂದದ್ದು 2016ರಲ್ಲಿ. 1940ರಷ್ಟು ಹಳೆಯ ಕಲಾಶಾಲೆಯನ್ನು ಒಳಗೊಂಡು 2008ರಲ್ಲಿ ರೂಪುಗೊಂಡ ಜವಾಹರಲಾಲ್ ನೆಹರೂ ವಾಸ್ತುಶಿಲ್ಪ ಮತ್ತು ಲಲಿತಕಲೆಗಳ ವಿಶ್ವವಿದ್ಯಾಲಯ ಹೈದರಾಬಾದಿನ ಮಾಸಬ್ ಟ್ಯಾಂಕ್‌ನಲ್ಲಿದೆ. ಬೀದರ್ ಕಡೆಯಿಂದ ಬರುವ ಮುಂಬೈ ಹೆದ್ದಾರಿಯ ಪಕ್ಕದಲ್ಲೇ, ಕಂದಿಯಲ್ಲಿ, ವಿನ್ಯಾಸ ವಿಭಾಗವಿರುವ ಐಐಟಿಯಿದೆ. ಅಮೀರ್‌ಪೇಟೆಯ ಆರು ತಿಂಗಳ ಕೋರ್ಸುಗಳ ಜೊತೆಗೆ ವರ್ಷಗಟ್ಟಲೆ ಓದುವ ದಾರಿಯೂ ಈಗ ತೆರೆದಿದೆ.

2019ರಲ್ಲಿ ನೆಟ್‌ಫ್ಲಿಕ್ಸಿಗೆ ಬಂದ ‘ಮೈಟಿ ಲಿಟಲ್ ಭೀಮ್’ ಈ ಚರಿತ್ರೆಯಲ್ಲಿ ಒಂದು ಸ್ಪಷ್ಟ ಗುರುತು. ಅಂಬೆಗಾಲಿಡುವ ಭೀಮನ ಈ ಸರಣಿಯಲ್ಲಿ ಸಂಭಾಷಣೆಯೇ ಇಲ್ಲ. ಯಾವ ಭಾಷೆಗೂ ಡಬ್ ಮಾಡಬೇಕಿಲ್ಲದ್ದರಿಂದ ಹಲವು ದೇಶಗಳ ಮಕ್ಕಳು ನೋಡಿದರು. ಮಾತಿಲ್ಲದ ಮಗುವನ್ನು ಭಂಗಿ ಮತ್ತು ಸಮಯದ ಲೆಕ್ಕದಿಂದಲೇ ನಡೆಸುವ ಆ ಕೌಶಲದ ಹಿಂದೆ ಲೈಟ್‌ಬಾಕ್ಸ್ ಪೀಳಿಗೆಯ ಶಿಸ್ತು ಕಾಣುತ್ತದೆ. ಅಂಗಳ, ಪಾತ್ರೆ, ಅಮ್ಮನ ಸೀರೆ, ಹಬ್ಬ ಮಾತ್ರ ಇಲ್ಲಿಯವೇ.

ಇಂದಿನ ವಿದ್ಯಾರ್ಥಿಗೆ ಸಲಕರಣೆಯ ಕೊರತೆ ಕಡಿಮೆ. ಬ್ಲೆಂಡರ್, ಕ್ರಿಟಾ ಉಚಿತ. ಜಪಾನಿನ ಜಿಬ್ಲಿ ಸ್ಟುಡಿಯೋ ಬಳಸಿದ ತಂತ್ರಾಂಶ 2016ರಿಂದ ಓಪನ್‌ಟೂನ್ಜ್ ಹೆಸರಿನಲ್ಲಿ ಎಲ್ಲರಿಗೂ ಮುಕ್ತ. ಯಾದಗಿರಿಯ ಮನೆಯಲ್ಲಿ ಕೂತು ಚೆಂಡು ಪುಟಿಸಬಹುದು. ಕೆಲಸ ಕೇಳಿಕೊಂಡು ಹೋದಾಗ ಪೋರ್ಟ್‌ಫೋಲಿಯೋದಲ್ಲಿ ನಡಿಗೆಯ ಜೊತೆ ಸ್ವಂತ ಪಾತ್ರದ ಮಾಡೆಲ್ ಶೀಟನ್ನೂ ತೋರಿಸಬೇಕಾಗುತ್ತದೆ. ಅಲ್ಲಿ ಹೆಚ್ಚಾಗಿ ಕಾಣುವುದು ಜಪಾನಿ ಕಣ್ಣಿನ ಹುಡುಗಿಯರು, ಅಮೆರಿಕನ್ ಕೇಪ್ ತೊಟ್ಟ ವೀರರು. ಹಂಪಿಯ ಆಸ್ಥಾನದ ತೆನಾಲಿ ರಾಮನನ್ನು ಧಾರಾವಾಹಿಯಾಗಿಸಿದ್ದು ತಿರುವನಂತಪುರದ ಟೂನ್ಜ್ ಸ್ಟುಡಿಯೋ, 2003ರಲ್ಲಿ. ಹಂಪಿಯಿಂದ ನಾಲ್ಕು ಹೆಜ್ಜೆ ದೂರದ ಕೊಪ್ಪಳದ ಹುಡುಗ ಅವನನ್ನು ಇನ್ನೂ ಬರೆದಿಲ್ಲ. ಕಲಬುರಗಿ, ರಾಯಚೂರಿನ ಕಲಾಶಾಲೆಗಳು ಮೊದಲ ಸೆಮಿಸ್ಟರಿನಲ್ಲಿ ಒಂದು ವಾರ ಕಿನ್ನಾಳದ ಚಿತ್ರಗಾರರ ಓಣಿಯಲ್ಲಿ ಕಳೆಯಲಿ, ಎರಡನೆಯದರಲ್ಲಿ ಚೇರಿಯಾಲಿಗೆ ಹೋಗಲಿ, ಹೈದರಾಬಾದಿನ ಶಾಲೆಗಳೂ ಜೊತೆಯಾಗಲಿ. ಗೊಂಬೆಯ ಮೂಗು ಎಷ್ಟು ಚೂಪಿದ್ದರೆ ಗರುಡ, ಎಷ್ಟು ಮೊಂಡಾದರೆ ಗಿಳಿ ಎಂದು ಕೈಯಳತೆಯಲ್ಲೇ ಹೇಳಬಲ್ಲವರು ಆ ಓಣಿಗಳಲ್ಲಿ ಇನ್ನೂ ಇದ್ದಾರೆ.